ಮನೆಯಲ್ಲಿ ಕಟ್ಟುವ ಹಗುರ ವಿಮಾನಕ್ಕೆ ಎಂಜಿನ್: ಯಾವ ಭಾಗವನ್ನು ಬದಲಿಸುವುದು, ಯಾವುದನ್ನು ಮುಟ್ಟದಿರುವುದು

ಸ್ವಂತ ಕೈಯಿಂದ ಹಗುರ ವಿಮಾನ ಕಟ್ಟುವವರು ಎಂಜಿನ್ನಿನ ಆಯ್ಕೆಗೆ ಕುಳಿತಾಗ ಮೊದಲು ಕೇಳುವುದು ಬೆಲೆಯನ್ನು, ಆಮೇಲೆ ಅಶ್ವಶಕ್ತಿಯನ್ನು. ಈ ಎರಡಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಆ ಎಂಜಿನ್ ನನ್ನ ವಿಮಾನದ ಮೂಗಿನಲ್ಲಿ ಕೂರಬೇಕಾದರೆ ಅದರ ಎಷ್ಟು ಭಾಗಗಳನ್ನು ಬದಲಿಸಬೇಕು, ಹಾಗೆ ಬದಲಿಸುವವುಗಳಲ್ಲಿ ತಿರುಗುವ ಭಾಗಗಳು ಎಷ್ಟು, ಸುಮ್ಮನೆ ಬೋಲ್ಟಿನ ಮೇಲೆ ಕೂತಿರುವ ಭಾಗಗಳು ಎಷ್ಟು? ಕಾರ್ಬ್ಯುರೇಟರಿನ ಆಯ್ಕೆ ತಪ್ಪಿದರೆ ಒಂದು ಭಾನುವಾರ ಅದನ್ನು ಬಿಚ್ಚಿ ಬೇರೆಯದನ್ನು ಕೂರಿಸಬಹುದು. ಪಿಸ್ಟನ್ನಿನ ಓಟವನ್ನು ತಿರುಗುವಿಕೆಯಾಗಿಸುವ ಕ್ರ್ಯಾಂಕ್‌ಶಾಫ್ಟಿನ ವಿಷಯದಲ್ಲಿ ತಪ್ಪಿದರೆ ಅದು ಗೊತ್ತಾಗುವುದು ಸಾಮಾನ್ಯವಾಗಿ ನೆಲದ ಮೇಲಿದ್ದಾಗ ಅಲ್ಲ.

ಈ ಹವ್ಯಾಸದ ತವರು ಅಮೆರಿಕ. ಅಲ್ಲಿ 1953ರಲ್ಲಿ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಹುಟ್ಟಿತು. ವಿಮಾನದ ಕೆಲಸದ ಹೆಚ್ಚಿನ ಪಾಲನ್ನು ಕಟ್ಟುವವರೇ ಕಲಿಕೆಗಾಗಿ, ಮನರಂಜನೆಗಾಗಿ ಮಾಡಿದ್ದರೆ ಅದಕ್ಕೆ ಪ್ರಾಯೋಗಿಕ ವಿಮಾನವೆಂಬ ಪ್ರಮಾಣಪತ್ರ ಸಿಗುತ್ತದೆ, ಎಂಜಿನ್ ಯಾವುದಿರಬೇಕೆಂಬ ನಿರ್ಬಂಧ ಇರುವುದಿಲ್ಲ. ಆದರೆ ನಿಯಮವೂ ಎಂಜಿನ್‌ಗಳ ನಡುವೆ ಒಂದು ಗೆರೆ ಎಳೆದಿದೆ. ಪ್ರಮಾಣೀಕೃತ ಎಂಜಿನ್ ಮತ್ತು ಅದಕ್ಕೆ ಒಪ್ಪಿತವಾದ ಪ್ರೊಪೆಲ್ಲರ್ ಜೋಡಿ ಇದ್ದರೆ ಮೊದಲ ಹಂತದ ಪರೀಕ್ಷಾ ಹಾರಾಟ ರೂಢಿಯಂತೆ 25 ಗಂಟೆ, ಕಾರಿನ ಎಂಜಿನ್ನಿನಂಥ ಬೇರೆ ಜೋಡಿಯಾದರೆ 40 ಗಂಟೆ. ಆ ಹೆಚ್ಚುವರಿ 15 ಗಂಟೆಯನ್ನು ದಂಡವೆಂದು ಗೊಣಗುವವರಿದ್ದಾರೆ. ನನಗಂತೂ ಅದು ಸಾಲದೆಂದೇ ಅನ್ನಿಸಿದೆ.

ಮೊದಲು ಪ್ರೊಪೆಲ್ಲರಿನಿಂದ ಶುರುಮಾಡೋಣ, ಏಕೆಂದರೆ ಎಂಜಿನ್ನನ್ನು ಆರಿಸುವುದು ನಿಜಕ್ಕೂ ಅದೇ. ಪ್ರೊಪೆಲ್ಲರಿನ ತುದಿಯ ವೇಗ ಶಬ್ದದ ವೇಗವನ್ನು ಸಮೀಪಿಸಿದರೆ ಎಳೆತ ಕಡಿಮೆಯಾಗಿ ಗದ್ದಲ ಮಾತ್ರ ಉಳಿಯುತ್ತದೆ. 72 ಇಂಚು ವ್ಯಾಸದ ಪ್ರೊಪೆಲ್ಲರನ್ನು ನಿಮಿಷಕ್ಕೆ 2500 ಸುತ್ತು ತಿರುಗಿಸಿದರೆ ತುದಿಯ ವೇಗ ಸೆಕೆಂಡಿಗೆ ಸುಮಾರು 240 ಮೀಟರ್. ಅದನ್ನೇ 3400 ಸುತ್ತಿಗೆ ಒಯ್ದರೆ 325 ಮೀಟರ್ ದಾಟುತ್ತದೆ, ಅಂದರೆ ಶಬ್ದದ ವೇಗದ ಹೊಸ್ತಿಲು. ಹೀಗಾಗಿ 3400 ಸುತ್ತಿನಲ್ಲಿ ಶಕ್ತಿ ಕೊಡುವ ಫೋಕ್ಸ್‌ವ್ಯಾಗನ್ ಎಂಜಿನ್ನಿಗೆ 52ರಿಂದ 60 ಇಂಚಿನ ಚಿಕ್ಕ ಪ್ರೊಪೆಲ್ಲರೇ ಗತಿ. ಕೆಆರ್-2, ಸೋನೆಕ್ಸ್ ಇವುಗಳಂಥ ಸಣ್ಣ, ನಯವಾದ, ವೇಗದ ವಿಮಾನಕ್ಕೆ ಅದು ಚೆನ್ನಾಗಿ ಒಪ್ಪುತ್ತದೆ. ಎರಡು ರೆಕ್ಕೆ, ತಂತಿ, ಕಂಬಗಳಿರುವ ನಿಧಾನದ ವಿಮಾನಕ್ಕೆ ಒಪ್ಪುವುದಿಲ್ಲ. ಅಲ್ಲಿ ದೊಡ್ಡ ಪ್ರೊಪೆಲ್ಲರ್ ನಿಧಾನವಾಗಿ ತಿರುಗಬೇಕು. ಬರ್ನಾರ್ಡ್ ಪೀಟನ್‌ಪೋಲ್ 1929ರಲ್ಲಿ ತಮ್ಮ ಏರ್ ಕ್ಯಾಂಪರಿಗೆ ಫೋರ್ಡ್ ಮಾಡೆಲ್-ಎ ಕಾರಿನ ನಿಧಾನಗತಿಯ ಭಾರದ ಎಂಜಿನ್ ಹೊಂದಿಸಿ ಹಾರಿಸಿದ್ದರ ಹಿಂದಿದ್ದ ತರ್ಕವೂ ಇದೇ. ವಿಮಾನದ ನಕ್ಷೆಯಲ್ಲಿ ಬರೆದ ಪ್ರೊಪೆಲ್ಲರಿನ ಅಳತೆಯನ್ನು ಮೊದಲು ನೋಡಿ. ಅದಕ್ಕೆ ಹೊಂದದ ಎಂಜಿನ್ ಪುಕ್ಕಟೆ ಸಿಕ್ಕರೂ ದುಬಾರಿಯೇ.

ಚಿಕ್ಕ ಪ್ರೊಪೆಲ್ಲರ್ ಸಾಕೆನ್ನುವ ವಿಮಾನಕ್ಕೆ ಫೋಕ್ಸ್‌ವ್ಯಾಗನ್ ಬೀಟಲಿನ ಗಾಳಿತಂಪಿನ, ಎದುರುಬದುರು ನಾಲ್ಕು ಸಿಲಿಂಡರಿನ ಎಂಜಿನ್ ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಬಳಕೆಯಲ್ಲಿದೆ. ಬಿಡಿಭಾಗಗಳು ಇಂದಿಗೂ ಹೊಸದಾಗಿ ಸಿಗುತ್ತವೆ. ಇಲ್ಲಿ ಮೊದಲ ಆಯ್ಕೆ ಗಾತ್ರದ್ದು. ಕಾರಿನ 1600 ಎಂಜಿನ್ನಿನ ಬೋರ್ (ಸಿಲಿಂಡರಿನ ಒಳವ್ಯಾಸ) 85.5 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 69 ಮಿ.ಮೀ. ಸ್ಟ್ರೋಕ್ ಹಾಗೇ ಇಟ್ಟು 92 ಮಿ.ಮೀ. ಬ್ಯಾರಲ್ (ಸಿಲಿಂಡರಿನ ಕೊಳವೆ) ಹಾಕಿದರೆ 1835 ಸಿಸಿ, 94 ಹಾಕಿದರೆ 1915 ಸಿಸಿ. 92ರ ಬೋರಿಗೆ 82 ಮಿ.ಮೀ. ಸ್ಟ್ರೋಕಿನ ಕ್ರ್ಯಾಂಕ್ ಸೇರಿಸಿದರೆ 2180 ಸಿಸಿ. ಅಶ್ವಶಕ್ತಿಯ ಆಸೆಗೆ ಬಿದ್ದವರು ನೇರವಾಗಿ 2180ಕ್ಕೆ ಕೈಹಾಕುತ್ತಾರೆ, ಏಕೆಂದರೆ ಅದು 3400 ಸುತ್ತಿನಲ್ಲಿ 80 ಅಶ್ವಶಕ್ತಿ ಕೊಡುತ್ತದೆಂದು ಕೈಪಿಡಿ ಹೇಳುತ್ತದೆ. ಆದರೆ ಕೆಲಸದ ಪ್ರಮಾಣದಲ್ಲಿ ಇವೆರಡರ ನಡುವೆ ಅಜಗಜಾಂತರ.

1835ಕ್ಕೆ ಕ್ರ್ಯಾಂಕ್‌ಕೇಸಿನ ಬಾಯಿಯನ್ನೂ ಸಿಲಿಂಡರನ್ನು ಮುಚ್ಚುವ ಹೆಡ್ಡಿನ ಬಾಯಿಯನ್ನೂ ಬ್ಯಾರಲಿನ ಅಳತೆಗೆ ಕೊರೆಸಿದರೆ ಮುಗಿಯಿತು. ಕೇಸಿನೊಳಗೆ ಏನೂ ತಗುಲುವುದಿಲ್ಲ. 82ರ ಕ್ರ್ಯಾಂಕ್ ಹಾಕಿದಾಗ ಕನೆಕ್ಟಿಂಗ್ ರಾಡಿನ ಬೋಲ್ಟುಗಳು 6.5 ಮಿ.ಮೀ. ಹೆಚ್ಚು ತ್ರಿಜ್ಯದ ವೃತ್ತದಲ್ಲಿ ಸುತ್ತುತ್ತವೆ. ಕೇಸಿನ ಒಳಗೋಡೆಗೆ, ಕೆಲವೊಮ್ಮೆ ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟಿಗೂ ತಗುಲುತ್ತವೆ. ರಾಡಿನ ಭುಜಕ್ಕೆ ಮಕ್ಕಳು ಆಡುವ ಜೇಡಿಯನ್ನು ಮೆತ್ತಿ, ಅರ್ಧ ಕೇಸಿನಲ್ಲಿ ಕ್ರ್ಯಾಂಕ್ ಮತ್ತು ಕ್ಯಾಮ್ ಎರಡನ್ನೂ ಕೂರಿಸಿ, ಕೈಯಿಂದ ಮೆಲ್ಲಗೆ ಎರಡು ಸುತ್ತು ತಿರುಗಿಸಬೇಕು. ಎಲ್ಲಿ ಜೇಡಿ ಹಪ್ಪಳದಷ್ಟು ತೆಳ್ಳಗಾಗಿದೆಯೋ ಅಲ್ಲಿ ಕೇಸನ್ನು ಉಜ್ಜಬೇಕು, ಮತ್ತೆ ಮೆತ್ತಬೇಕು, ಮತ್ತೆ ತಿರುಗಿಸಬೇಕು. ಬಿಸಿಯಾದಾಗ ಲೋಹ ಹಿಗ್ಗುವುದನ್ನು ಲೆಕ್ಕಕ್ಕೆ ಹಿಡಿದು ಎಲ್ಲೆಡೆ ಕನಿಷ್ಠ ಒಂದು ಮಿ.ಮೀ., ಸಾಧ್ಯವಾದರೆ ಒಂದೂವರೆ ಮಿ.ಮೀ. ಸಂದು ಉಳಿಯುವ ತನಕ ಇದು ನಡೆಯುತ್ತದೆ. ಕೇಸು ಮೆಗ್ನೀಷಿಯಮ್ ಮಿಶ್ರಲೋಹದ್ದಾದರೆ ಉಜ್ಜಿದ ಪುಡಿ ಬೆಂಕಿಗೆ ಬಾರೂದಿನಂತೆ ಹತ್ತಿಕೊಳ್ಳುತ್ತದೆ. ಅದೇ ಕೋಣೆಯಲ್ಲಿ ವೆಲ್ಡಿಂಗ್ ಕೂಡದು.

ಪಿಸ್ಟನ್ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆಂಬ ಕಂಪ್ರೆಷನ್ನಿನ ಲೆಕ್ಕವನ್ನೂ ಇಲ್ಲೇ ಹಾಕಿ ನೋಡಬೇಕು. 1835ರ ಒಂದು ಸಿಲಿಂಡರಿನ ಗಾತ್ರ 459 ಸಿಸಿ. ಹೆಡ್ಡಿನ ಕುಳಿ 55 ಸಿಸಿ ಇದೆಯೆಂದೂ ಪಿಸ್ಟನ್ನಿನ ತಲೆ ಬ್ಯಾರಲಿನ ಅಂಚಿಗಿಂತ 1.5 ಮಿ.ಮೀ. ಕೆಳಗೆ ನಿಲ್ಲುತ್ತದೆಂದೂ ಇಟ್ಟುಕೊಂಡರೆ, ಆ ಸಂದಿನ 10 ಸಿಸಿ ಸೇರಿ 65 ಸಿಸಿ ಆಯಿತು. ಕಂಪ್ರೆಷನ್ ಅನುಪಾತ ಸುಮಾರು 8. ಅದೇ ಹೆಡ್ಡನ್ನು 545 ಸಿಸಿ ಸಿಲಿಂಡರಿನ 2180ಕ್ಕೆ ಹಾಕಿದರೆ ಅನುಪಾತ 9.4ಕ್ಕೆ ಏರುತ್ತದೆ. ಗಾಳಿಯಿಂದಷ್ಟೇ ತಣಿಯುವ ಈ ಹೆಡ್ಡಿಗೆ, ಪಂಪಿನಲ್ಲಿ ಸಿಗುವ ಪೆಟ್ರೋಲಿಗೆ ಅದು ಹೆಚ್ಚಾಯಿತು. ಮತ್ತೆ 8ಕ್ಕೆ ಇಳಿಸಲು 78 ಸಿಸಿ ಜಾಗ ಬೇಕು. ಅಂದರೆ ಹೆಡ್ಡಿನ ಕುಳಿಯನ್ನು ದೊಡ್ಡದು ಮಾಡಬೇಕು, ಇಲ್ಲವೇ ಬ್ಯಾರಲಿನ ಬುಡಕ್ಕೆ ದಪ್ಪ ಸ್ಪೇಸರ್ ಕೊಡಬೇಕು, ಸಾಮಾನ್ಯವಾಗಿ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಬೇಕು. ಒಂಟಿ ಆಸನದ ವಿಮಾನಕ್ಕೆ 1835 ಸಾಕೆಂದು ನಾನು ಹೇಳುವುದು ಇದಕ್ಕೇ. 94ರ ಬ್ಯಾರಲನ್ನು ಪೂರ್ತಿ ಬಿಟ್ಟುಬಿಡಿ. ಅದರ ಗೋಡೆ ತೆಳು, ದುಂಡಗೆ ಉಳಿಯುವುದಿಲ್ಲ. ಕೇಸು ಈಗಾಗಲೇ 94ಕ್ಕೆ ಕೊರೆದದ್ದಾಗಿದ್ದರೆ ಆ ತೂತಿಗೇ ಕೂರುವ ದಪ್ಪ ಗೋಡೆಯ 92ರ ಬ್ಯಾರಲ್ ಸಿಗುತ್ತದೆ.

ಇನ್ನು ಪ್ರೊಪೆಲ್ಲರನ್ನು ಯಾವ ತುದಿಗೆ ಕಟ್ಟುವುದು ಎಂಬುದು ಎಲ್ಲಕ್ಕಿಂತ ಗಂಭೀರವಾದ ಆಯ್ಕೆ. ಕಾರಿನಲ್ಲಿ ಕ್ರ್ಯಾಂಕಿನ ಒಂದು ತುದಿಯಲ್ಲಿ ಫ್ಲೈವೀಲ್ ಇರುತ್ತದೆ, ಇನ್ನೊಂದರಲ್ಲಿ ಫ್ಯಾನ್ ಬೆಲ್ಟಿನ ಪುಲ್ಲಿ. ಪುಲ್ಲಿ ತುದಿಗೆ ಪ್ರೊಪೆಲ್ಲರ್ ಕಟ್ಟಿದರೆ ಮೌಂಟಿನ (ಎಂಜಿನ್ನನ್ನು ಹಿಡಿಯುವ ಚೌಕಟ್ಟಿನ) ಕೆಲಸ ಸುಲಭ, ಏಕೆಂದರೆ ಕಾರಿನಲ್ಲಿ ಗೇರ್‌ಬಾಕ್ಸನ್ನು ಹಿಡಿದಿದ್ದ ನಾಲ್ಕು ಬೋಲ್ಟುಗಳೇ ಇಲ್ಲಿ ಎಂಜಿನ್ನಿನ ಹಿಂದಿನ ಬೆಂಕಿತಡೆ ಗೋಡೆಯಾದ ಫೈರ್‌ವಾಲಿನ ಕಡೆಗೆ ಮುಖಮಾಡಿ ಎಂಜಿನ್ನನ್ನು ಹೊರುತ್ತವೆ. ಪ್ರೊಪೆಲ್ಲರಿನ ಎಳೆತವೂ ಕಾರಿನಲ್ಲಿ ಕ್ಲಚ್ ಒತ್ತಿದಾಗ ಬೀಳುತ್ತಿದ್ದ ದಿಕ್ಕಿನಲ್ಲೇ, ಫ್ಲೈವೀಲ್ ಬದಿಯ ಒಂದನೇ ಬೇರಿಂಗಿನ ಮೇಲೆ ಬೀಳುತ್ತದೆ. ತೊಂದರೆಯಿರುವುದು ಪುಲ್ಲಿ ತುದಿಯ ಸಪೂರದಲ್ಲಿ. ಉಳಿದ ಮೂರು ಮುಖ್ಯ ಬೇರಿಂಗುಗಳಲ್ಲಿ ಕೂರುವ ಕ್ರ್ಯಾಂಕಿನ ಭಾಗ, ಅಂದರೆ ಜರ್ನಲ್, 55 ಮಿ.ಮೀ. ದಪ್ಪವಿದ್ದರೆ ಇಲ್ಲಿಯ ನಾಲ್ಕನೆಯದು ಬರೀ 40 ಮಿ.ಮೀ. ಬೆಲ್ಟನ್ನು ಎಳೆಯಲೆಂದು ಮಾಡಿದ ಆ ಮೂತಿಯ ಮೇಲೆ ಈಗ ತಿರುಗುವ ಪ್ರೊಪೆಲ್ಲರಿನ ಪೂರ್ತಿ ಭಾರವಿರುತ್ತದೆ. ವಿಮಾನದ ಮೂಗು ಎತ್ತಿದಾಗ, ಇಳಿಸಿದಾಗ, ಪಕ್ಕಕ್ಕೆ ಹೊರಳಿಸಿದಾಗ ಬುಗುರಿಯ ಗುಣದಿಂದ ಹುಟ್ಟುವ ಬಾಗಿಸುವ ಬಲವೂ ಅಲ್ಲಿಗೇ ಬರುತ್ತದೆ. ಇದಕ್ಕೆ ಕಂಡುಕೊಂಡ ಪರಿಹಾರಗಳು ಎರಡು. ಪ್ರೊಪೆಲ್ಲರನ್ನು ಹಿಡಿಯುವ ಹಬ್ಬನ್ನು ಬಿಸಿಮಾಡಿ ಕ್ರ್ಯಾಂಕಿನ ಮೂತಿಗೆ ಬಿಗಿಯಾಗಿ ಇಳಿಸುವುದು ಒಂದು. ಕೇಸಿನ ಮೂಗನ್ನು ಕೊರೆದು, ಹಬ್ಬಿಗೇ ದೊಡ್ಡ ಬೇರಿಂಗ್ ಕೊಟ್ಟು ಬಾಗುವ ಬಲವನ್ನು ಕೇಸಿಗೆ ವರ್ಗಾಯಿಸುವುದು ಇನ್ನೊಂದು. ಎರಡನೆಯದಕ್ಕೆ ಲೇತಿನ ಕೆಲಸ ಹೆಚ್ಚು. ವೇಗವಾಗಿ ತಿರುವು ಹೊಡೆಯುವ ಉದ್ದೇಶವಿದ್ದವರಿಗೆ ಆ ಖರ್ಚು ತಪ್ಪದು. ಎರಡರಲ್ಲೂ ಪ್ರೊಪೆಲ್ಲರ್ ಮರದ್ದೇ ಆಗಿರಬೇಕು. ಲೋಹದ್ದರ ಭಾರವನ್ನು ಈ ಕ್ರ್ಯಾಂಕ್ ತಾಳುವುದಿಲ್ಲ.

ಫ್ಲೈವೀಲ್ ತುದಿಗೆ ಕಟ್ಟುವುದು ಬಲದ ದೃಷ್ಟಿಯಿಂದ ಮೇಲು, ಏಕೆಂದರೆ 55 ಮಿ.ಮೀ. ಜರ್ನಲ್ ಪಕ್ಕದಲ್ಲೇ ಇದೆ. ಆದರೆ ಆಗ ಗೇರ್‌ಬಾಕ್ಸಿನ ಬೋಲ್ಟುಗಳು ಮುಂದಕ್ಕೆ ಹೋಗುತ್ತವೆ, ಎಂಜಿನ್ನನ್ನು ಹಿಡಿಯಲು ಬೇರೆಯೇ ತೊಟ್ಟಿಲು ಕಟ್ಟಬೇಕು, ಸ್ಟಾರ್ಟರಿಗೂ ಕಿಡಿ ಹುಟ್ಟಿಸುವ ಮ್ಯಾಗ್ನೆಟೊಗೂ ಹೊಸ ಜಾಗ ಹುಡುಕಬೇಕು. ಹಲವರು ಮರೆಯುವ ಒಂದು ಸಂಗತಿಯೂ ಇದೆ: ಪುಲ್ಲಿ ತುದಿಯಲ್ಲಿದ್ದರೆ ಪೈಲಟ್ಟಿನ ಕಣ್ಣಿಗೆ ಪ್ರೊಪೆಲ್ಲರ್ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗುತ್ತದೆ, ಫ್ಲೈವೀಲ್ ತುದಿಯಲ್ಲಿದ್ದರೆ ಮುಳ್ಳಿನ ದಿಕ್ಕಿನಲ್ಲಿ. ಪ್ರೊಪೆಲ್ಲರ್ ಕೊಳ್ಳುವಾಗ ಎಡಗೈಯದೋ ಬಲಗೈಯದೋ ಎಂದು ಹೇಳದಿದ್ದರೆ ಬಂದದ್ದು ಗೋಡೆಯ ಅಲಂಕಾರಕ್ಕಷ್ಟೇ ಒದಗುತ್ತದೆ. ಸೆಸ್ನಾ ತರಬೇತಿ ವಿಮಾನದಲ್ಲಿ ಕಲಿತವರು ಟೇಕ್‌ಆಫ್ ಓಟದಲ್ಲಿ ಬಲಗಾಲಿನಿಂದ ರಡ್ಡರ್ ಒತ್ತುವ ಅಭ್ಯಾಸವನ್ನು ಪುಲ್ಲಿ ತುದಿಯ ವಿಮಾನದಲ್ಲಿ ಎಡಗಾಲಿಗೆ ಬದಲಿಸಿಕೊಳ್ಳಬೇಕಾಗುತ್ತದೆ.

ಹಬ್ಬಿನ ವಿಷಯದಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ಕಾರಿನ ಕ್ರ್ಯಾಂಕ್ ಉಜ್ಜುವುದರಲ್ಲಿ ಹೆಸರಾದ ಒಂದು ಅಂಗಡಿಯಲ್ಲಿ ಹಬ್ಬನ್ನು ಕೂರಿಸಿ ತಂದೆ. ಡಯಲ್ ಗೇಜಿನ ಮುಳ್ಳನ್ನು ಹಬ್ಬಿನ ಚಪ್ಪಟೆ ತಟ್ಟೆಯಾದ ಫ್ಲ್ಯಾಂಜಿನ ಮುಖಕ್ಕೆ ತಾಗಿಸಿ ತಿರುಗಿಸಿದಾಗ ಅದು 0.3 ಮಿ.ಮೀ. ಓಲಾಡಿತು. ಕಾರಿನವರಿಗೆ ಇದು ಏನೇನೂ ಅಲ್ಲ, ಅಂಗಡಿಯವರು ನಕ್ಕರು. ಆದರೆ 10 ಸೆಂ.ಮೀ. ಅಗಲದ ಫ್ಲ್ಯಾಂಜಿನಲ್ಲಿ 0.3 ಎಂದರೆ 54 ಇಂಚಿನ ಪ್ರೊಪೆಲ್ಲರಿನ ಒಂದು ಅಲಗು ಇನ್ನೊಂದಕ್ಕಿಂತ ಸುಮಾರು 4 ಮಿ.ಮೀ. ಮುಂದೆ ಓಡುತ್ತದೆ. ಬಿಸಿಯಾಗಿ ಇಳಿದ ಹಬ್ಬು ಬಿಚ್ಚಿ ಬರುವುದಿಲ್ಲ; ಕ್ರ್ಯಾಂಕನ್ನು ಮತ್ತೆ ಲೇತಿಗೇರಿಸಿ ಫ್ಲ್ಯಾಂಜಿನ ಮುಖವನ್ನು ಸಮ ಮಾಡಿಸಬೇಕಾಯಿತು. ಕೇಸನ್ನು ಮುಚ್ಚುವ ಮುನ್ನ ಅಳೆದದ್ದು ನನ್ನ ಅದೃಷ್ಟ.

ಹೆಡ್ಡಿನ ವಿಷಯದಲ್ಲಿ ಆಯ್ಕೆಯಿರುವುದು ಸಿಲಿಂಡರಿಗೆ ಒಂದು ಸ್ಪಾರ್ಕ್ ಪ್ಲಗ್ಗೋ ಎರಡೋ ಎಂಬುದರಲ್ಲಿ. ಎರಡನೆಯ ಪ್ಲಗ್ಗಿಗೆ ತೂತು ಕೊರೆದಾಗ ಬಿಸಿ ಹೆಚ್ಚಿರುವ ಜಾಗದಲ್ಲೇ ಲೋಹ ಕಡಿಮೆಯಾಗುತ್ತದೆ ಎಂಬುದು ನಿಜ. ಪ್ರತಿಯಾಗಿ ಎರಡು ಸ್ವತಂತ್ರ ಇಗ್ನಿಷನ್‌ಗಳು ದೊರೆಯುತ್ತವೆ. ಬ್ಯಾಟರಿಯನ್ನೇ ನೆಚ್ಚದ ಮ್ಯಾಗ್ನೆಟೊ ಒಂದು ಬದಿಗೆ, ಎಲೆಕ್ಟ್ರಾನಿಕ್ ಇಗ್ನಿಷನ್ ಇನ್ನೊಂದಕ್ಕೆ ಇರುವ ಜೋಡಣೆ ನನಗೆ ಒಪ್ಪಿಗೆ. ಎರಡೂ ಎಲೆಕ್ಟ್ರಾನಿಕ್ ಆದರೆ ಒಂದೇ ತಂತಿಯ ದೋಷಕ್ಕೆ ಎರಡೂ ಸಾಯದಂತೆ ಬೇರೆ ಬೇರೆ ಫ್ಯೂಸು, ಬೇರೆ ಬೇರೆ ದಾರಿ ಇರಬೇಕು. ಕಾರಿನ ಫ್ಯಾನ್ ಹೋದ ಮೇಲೆ ತಣಿಸುವ ಕೆಲಸವೆಲ್ಲ ಎಂಜಿನ್ನಿನ ಹೊರಮುಚ್ಚಳವಾದ ಕೌಲಿಂಗಿನ ಒಳಗಿನ ತಗಡಿನ ಅಡ್ಡಗೋಡೆಗಳ ಮೇಲೆ ಬೀಳುತ್ತದೆ. ಗಾಳಿ ಮೇಲಿನಿಂದ ಬಂದು ಸಿಲಿಂಡರಿನ ಮೇಲಿನ ತಣಿಸುವ ರೆಕ್ಕೆಗಳ ನಡುವೆ ಹಾದು ಕೆಳಗೆ ಹೋಗಬೇಕು, ಹೋಗುವ ಬಾಯಿ ಬರುವ ಬಾಯಿಗಿಂತ ದೊಡ್ಡದಿರಬೇಕು. ಪೆನ್ಸಿಲ್ ತೂರುವಷ್ಟು ಸಂದು ಉಳಿದರೂ ಗಾಳಿ ಆ ಸುಲಭದ ದಾರಿಯನ್ನೇ ಹಿಡಿಯುತ್ತದೆ. ನಾಲ್ಕೂ ಸಿಲಿಂಡರುಗಳ ಹೆಡ್ಡಿನ ತಾಪವನ್ನು ಬೇರೆ ಬೇರೆಯಾಗಿ ತೋರಿಸುವ ಮೀಟರ್ ಹಾಕಿ. ಪ್ಲಗ್ಗಿನ ಬುಡದಲ್ಲಿ ಅದು 230 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದರೆ ಥ್ರಾಟಲ್ ಹಿಂದಕ್ಕೆ. ಕೈಪಿಡಿಯ 80 ಅಶ್ವಶಕ್ತಿ ಮೇಲೇರುವ ಕೆಲವು ನಿಮಿಷಗಳದ್ದು, ತಾಸುಗಟ್ಟಲೆ ಸಿಗುವಂಥದ್ದಲ್ಲ.

ಕಾರ್ಬ್ಯುರೇಟರ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಒಳಗಿನ ಪೆಟ್ರೋಲಿನ ಮಟ್ಟ ಕಾಯುವ ಫ್ಲೋಟ್ ಇಲ್ಲದ, ಜಾರುಬಾಗಿಲಿನ ಬಗೆಯದು ಸಣ್ಣ ಕೌಲಿಂಗಿನಲ್ಲಿ ಕೂರುತ್ತದೆ, ಆದರೆ ಟ್ಯಾಂಕಿನ ಮಟ್ಟ ಇಳಿದಂತೆ ಮಿಶ್ರಣ ಬದಲಾಗುವ ಸ್ವಭಾವ ಅದಕ್ಕಿದೆ. ಫ್ಲೋಟ್ ಇರುವುದು ದೊಡ್ಡದು, ತಾಳ್ಮೆಯದು. ಯಾವುದಾದರೂ ಬಿಸಿಗಾಳಿಯ ವ್ಯವಸ್ಥೆ ಕಡ್ಡಾಯವೆಂದೇ ತಿಳಿಯಿರಿ; ಪೆಟ್ರೋಲ್ ಆವಿಯಾಗುವಾಗ ಎಳೆದುಕೊಳ್ಳುವ ಶಾಖದಿಂದ 20 ಡಿಗ್ರಿಯ ತೇವದ ಬೆಳಗಿನಲ್ಲೂ ಕಾರ್ಬ್ಯುರೇಟರಿನ ಗಂಟಲಲ್ಲಿ ಮಂಜುಗಡ್ಡೆ ಕಟ್ಟುತ್ತದೆ.

ಸ್ವಲ್ಪ ದೊಡ್ಡ ವಿಮಾನಕ್ಕೆ ಕಾರಿನ ಎಂಜಿನ್ನೇ ಬೇಕೆನ್ನುವವರ ಮುಂದಿನ ನಿಲ್ದಾಣ ಶೆವ್ರೊಲೆ ಕೊರ್ವೇರ್. 1960ರಿಂದ 1969ರವರೆಗೆ ತಯಾರಾದ ಕಾರು ಇದು, ಆರು ಸಿಲಿಂಡರ್, ಗಾಳಿತಂಪು, ಕೊನೆಯ ವರ್ಷಗಳ ಗಾತ್ರ 2.7 ಲೀಟರ್. ಪೀಟನ್‌ಪೋಲ್ ಅವರೇ 1960ರ ದಶಕದಲ್ಲಿ ಇದಕ್ಕೆ ಬದಲಾದರು. ನಯವಾಗಿ ಓಡುತ್ತದೆ, ಸುಮಾರು 100 ಅಶ್ವಶಕ್ತಿ ಕೊಡುತ್ತದೆ, ತೂಕ ಮಾತ್ರ 100 ಕಿಲೋ ಆಸುಪಾಸು. ಇದರ ಇತಿಹಾಸದಲ್ಲಿ ಒಂದು ಪಾಠವಿದೆ. ನಿಧಾನದ ವಿಮಾನಗಳಲ್ಲಿ ದಶಕಗಳ ಕಾಲ ತಕರಾರಿಲ್ಲದೆ ಓಡಿದ ಕ್ರ್ಯಾಂಕುಗಳು ವೇಗದ ವಿಮಾನಗಳಿಗೆ ಬಂದಾಗ ಬಿರುಕು ಬಿಟ್ಟವು. ಅಲ್ಲಿಂದೀಚೆಗೆ ಕ್ರ್ಯಾಂಕನ್ನು ನೈಟ್ರೈಡ್ ಮಾಡಿಸುವುದು (ಮೇಲ್ಮೈಯನ್ನು ಗಟ್ಟಿಗೊಳಿಸುವುದು), ಮೂಲದ ನಾಲ್ಕು ಮುಖ್ಯ ಬೇರಿಂಗುಗಳ ಜೊತೆ ಪ್ರೊಪೆಲ್ಲರ್ ಬದಿಗೆ ಐದನೆಯದನ್ನು ಸೇರಿಸುವುದು ರೂಢಿಯಾಯಿತು. ಎಂಜಿನ್ ಅದೇ ಇದ್ದರೂ ವಿಮಾನ ಬದಲಾದರೆ ಬೇಕಾಗುವ ಮಾರ್ಪಾಡೂ ಬದಲಾಗುತ್ತದೆ.

ಸುಬಾರು, ಸುಜುಕಿ ಮುಂತಾದ ನೀರುತಂಪಿನ ಕಾರ್ ಎಂಜಿನ್‌ಗಳ ಒಳಭಾಗವನ್ನು ಹೆಚ್ಚೇನೂ ಮುಟ್ಟಬೇಕಿಲ್ಲ. ನಮ್ಮ ಮಾರುತಿ ಕಾರುಗಳನ್ನು ಬಿಚ್ಚಿ ಬಲ್ಲವರಿಗೆ ಆ ಸುಜುಕಿಗಳು ಹಳೆಯ ಪರಿಚಯ. ಆದರೆ ಅವು 5000 ಸುತ್ತಿನ ಮೇಲೆ ಶಕ್ತಿ ಕೊಡುವುದರಿಂದ ಬೆಲ್ಟಿನದೋ ಹಲ್ಲುಚಕ್ರದ್ದೋ ವೇಗ ತಗ್ಗಿಸುವ ಪೆಟ್ಟಿಗೆ ನಡುವೆ ಬೇಕು. ಎಂಜಿನ್ನಿನ ಮಿಡಿತಕ್ಕೂ ಪ್ರೊಪೆಲ್ಲರಿನ ಜಡತ್ವಕ್ಕೂ ನಡುವೆ ಹುಟ್ಟುವ ತಿರುಚು ಕಂಪನ ಯಾವುದೋ ಒಂದು ವೇಗದಲ್ಲಿ ಆ ಪೆಟ್ಟಿಗೆಯನ್ನೇ ತಿಂದುಹಾಕಬಲ್ಲದು. ಅದನ್ನು ಲೆಕ್ಕಹಾಕುವುದು ಗ್ಯಾರೇಜಿನ ಕೆಲಸವಲ್ಲ. ಸ್ವಂತ ಪೆಟ್ಟಿಗೆ ವಿನ್ಯಾಸ ಮಾಡುತ್ತೇನೆ ಎನ್ನುವವರನ್ನು ಮೊದಲ ವಿಮಾನದ ಮಟ್ಟಿಗಾದರೂ ತಡೆಯುತ್ತೇನೆ.

ಆ ಲೆಕ್ಕವನ್ನು ಕಾರ್ಖಾನೆಯಲ್ಲೇ ಮುಗಿಸಿ ಕೊಡುವುದು ರೋಟಾಕ್ಸ್ 912. 1211 ಸಿಸಿಯದು 80 ಅಶ್ವಶಕ್ತಿ, 1352 ಸಿಸಿಯದು 100. ದೊಡ್ಡದರ ಗೇರ್ ಅನುಪಾತ 2.43 ಆದ್ದರಿಂದ ಎಂಜಿನ್ 5500ರಲ್ಲಿದ್ದರೂ ಪ್ರೊಪೆಲ್ಲರ್ ತಿರುಗುವುದು 2260ರಷ್ಟು ಮಾತ್ರ. ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್ (ಎನ್‌ಎಎಲ್) ಸಂಸ್ಥೆಯ ಹಂಸ ವಿಮಾನಗಳಲ್ಲಿರುವುದೂ ಇದೇ ಕುಟುಂಬದ ಎಂಜಿನ್‌ಗಳು. ಇಲ್ಲಿ ಎಂಜಿನ್ನಿನ ಒಳಗೆ ಕೈಹಾಕುವ ಹಾಗೇ ಇಲ್ಲ, ಮಾರ್ಪಾಡೆಲ್ಲ ಸುತ್ತಲಿನದು. ರೇಡಿಯೇಟರಿಗೆ ಜಾಗ, ಆಯಿಲ್ ಕೂಲರಿಗೆ ಜಾಗ, ಆಯಿಲನ್ನು ಎಂಜಿನ್ನಿನ ಹೊರಗಿಡುವ ಡ್ರೈ ಸಂಪಿನ ಬೇರೆ ಆಯಿಲ್ ಟ್ಯಾಂಕಿಗೆ ಫೈರ್‌ವಾಲಿನ ಮೇಲೆ ಕೈಪಿಡಿ ಹೇಳಿದ ಎತ್ತರದಲ್ಲೇ ಜಾಗ. ಮೊದಲ ಸಲ ಚಾಲೂ ಮಾಡುವ ಮುನ್ನ ಆಯಿಲ್ ಕೊಳವೆಗಳಲ್ಲಿನ ಗಾಳಿಯನ್ನು ಪೂರ್ತಿ ಹೊರಹಾಕಬೇಕು. ಇದನ್ನು ಅವಸರದಲ್ಲಿ ಬಿಟ್ಟು ಹೊಸ ಎಂಜಿನ್ನನ್ನೇ ಕೆಡಿಸಿಕೊಂಡವರಿದ್ದಾರೆ. ಬೆಲೆ ನೋಡಿದರೆ ಎದೆ ಝಲ್ಲೆನ್ನುತ್ತದೆ, ಆದರೆ ಫೋಕ್ಸ್‌ವ್ಯಾಗನ್ನಿನ ಮೇಲೆ ಕಳೆಯುವ ಎರಡು ಚಳಿಗಾಲಗಳಿಗೂ ಒಂದು ಬೆಲೆ ಕಟ್ಟಿ ಹೋಲಿಸಬೇಕು. ಗೇರಿನ ಗೊಡವೆ ಬೇಡವೆನ್ನುವವರಿಗೆ 3300 ಸುತ್ತಿನಲ್ಲಿ ನೇರವಾಗಿ ಪ್ರೊಪೆಲ್ಲರ್ ತಿರುಗಿಸುವ ಆಸ್ಟ್ರೇಲಿಯದ ಜಬಿರು 2200 ಇದೆ. ಬೆಂಗಳೂರಿನಲ್ಲೇ ರಾಜ್ ಹಂಸ ತಯಾರಿಸಿದ ಎಕ್ಸ್-ಏರ್ ಹನುಮಾನ್ ಅದನ್ನು ಹೊತ್ತು ಹಾರಿತು. ಹಳೆಯ ಕಾಂಟಿನೆಂಟಲ್ ಎ-65, ಓ-200 ವಿಮಾನ ಎಂಜಿನ್ ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕಿದರೆ ಯೋಚಿಸುವ ಅಗತ್ಯವೇ ಇಲ್ಲ, ಕೊಂಡುಬಿಡಿ.

ಎಂಜಿನ್ ಬದಲಾದರೆ ಮೌಂಟಿನ ಉದ್ದವೂ ಬದಲಾಗುತ್ತದೆ. 77 ಕಿಲೋದ ಎಂಜಿನ್ ವಿಮಾನದ ಗುರುತ್ವ ಕೇಂದ್ರಕ್ಕಿಂತ 1.2 ಮೀಟರ್ ಮುಂದಿರಲೆಂದು ನಕ್ಷೆ ಹೇಳುತ್ತಿದ್ದರೆ, 60 ಕಿಲೋದ ಎಂಜಿನ್ನನ್ನು ಅದೇ ಸಮತೋಲಕ್ಕೆ ತರಲು 1.54 ಮೀಟರ್ ಮುಂದಿಡಬೇಕು. ಆ 34 ಸೆಂ.ಮೀ. ಉದ್ದದ ಮೂಗಿನಿಂದ ಬಾಲದ ಸ್ಥಿರತೆ ಸ್ವಲ್ಪ ಕುಗ್ಗುತ್ತದೆ, ಮೌಂಟಿನ ಕೊಳವೆಗಳ ಮೇಲೆ ಬೇರೆ ಬಗೆಯ ಹೊರೆ ಬೀಳುತ್ತದೆ. ಭಾರದ ಎಂಜಿನ್ನಾದರೆ ತೊಡಕು ತಿರುಗುಮುರುಗು: ಅದನ್ನು ಹಿಂದಕ್ಕೆ ತಳ್ಳಲು ಫೈರ್‌ವಾಲ್ ಬಿಡುವುದಿಲ್ಲ.

ದಖ್ಖನ್ ಪ್ರಸ್ಥಭೂಮಿಯಲ್ಲಿ ಹಾರಿಸುವ ಉದ್ದೇಶವಿದ್ದರೆ ಇನ್ನೊಂದು ಲೆಕ್ಕವಿದೆ. ಜಕ್ಕೂರಿನಂಥ ಸುಮಾರು 3000 ಅಡಿ ಎತ್ತರದ ಓಡುದಾರಿಯಲ್ಲಿ ಏಪ್ರಿಲ್ ಮಧ್ಯಾಹ್ನದ 34 ಡಿಗ್ರಿಯಲ್ಲಿ ಗಾಳಿ 6000 ಅಡಿಯಲ್ಲಿರುವಷ್ಟು ತೆಳುವಾಗಿರುತ್ತದೆ. 80 ಅಶ್ವಶಕ್ತಿಯ ಎಂಜಿನ್ ಅಲ್ಲಿ ಕೊಡುವುದು 65ರಷ್ಟು. ಒಂಟಿ ಆಸನಕ್ಕೆ 1835 ಸಾಕೆಂದ ನನ್ನ ಮಾತನ್ನು ಇಬ್ಬರು ಕೂರುವ ವಿಮಾನಕ್ಕೆ ಇಲ್ಲಿ ಅನ್ವಯಿಸಬೇಡಿ. ಪೆಟ್ರೋಲಿನಲ್ಲಿ ಈಗ 20 ಶೇಕಡಾ ಎಥನಾಲ್ ಇರುವುದರಿಂದ ಹಳೆಯ ನಕ್ಷೆಯ ಫೈಬರ್ ಟ್ಯಾಂಕಿನ ರಾಳ, ರಬ್ಬರ್ ಕೊಳವೆ, ಸೀಲುಗಳು ಅದನ್ನು ತಾಳುತ್ತವೆಯೇ ಎಂದು ತುಂಡೊಂದನ್ನು ಬಾಟಲಿಯಲ್ಲಿ ತಿಂಗಳುಗಟ್ಟಲೆ ನೆನೆಹಾಕಿ ನೋಡಬೇಕು. ಮರದ ಪ್ರೊಪೆಲ್ಲರ್ ಮಳೆಗಾಲದಲ್ಲಿ ಉಬ್ಬುತ್ತದೆ, ಮಾರ್ಚಿನ ಒಣಹವೆಯಲ್ಲಿ ಕುಗ್ಗುತ್ತದೆ. ಹಬ್ಬಿನ ಬೋಲ್ಟುಗಳ ಬಿಗಿಯನ್ನು ಟಾರ್ಕ್ ವ್ರೆಂಚಿನಿಂದ ಋತು ಬದಲಾದಾಗಲೆಲ್ಲ ನೋಡಿ, ಬೋಲ್ಟು ಸಡಿಲಾಗದಂತೆ ಕಟ್ಟುವ ತಂತಿಯ ಬೀಗವನ್ನು ಹೊಸದಾಗಿ ಹಾಕಬೇಕು.